ಗ್ಯಾಲರ್ಯಾಗ ಅಕ್ಕ ಗೋಣು ಹಾಕಿದ್ಳು

ನಮ್ಮ ಓಣಿ ಹೆಣ್ಮಕ್ಕಳಂದ್ರ ರೇಶನ್ ಅಂಗಡಿ ಹೆಬ್ಬೆಟ್ಟಿನ ಮಿಶನ್ನಿಗೆ ಆಗಿಬರೂದಿಲ್ಲ. ಎಷ್ಟ ಒತ್ತಿದ್ರೂ ಕೆಂಪು ದೀಪಾನ. ತಪ್ಪು ಮಿಶನ್ನಿಂದಲ್ಲ. ನಾವು ಬನಹಟ್ಟಿಯೊಳಗ ಕೆಚ್ಚೋ ಹೆಣ್ಮಕ್ಕಳು. ಮಗ್ಗದ ಮ್ಯಾಲಿನ ಹಾಸು, ಅಂದ್ರ ಉದ್ದನ ನೂಲು, ತೀರಿದ್ರ, ಹೊಸಾ ಹಾಸಿನ ಒಂದೊಂದ ಎಳಿ ಹಿಡದು, ಹಳೇ ಎಳಿ ತುದಿಗೆ ಇಟ್ಟು, ಬೂದಿ ಹಚ್ಚಿದ ಬೆರಳಿಲೆ ಹೊಸೆದು ಕೂಡಸೂದು. ಇದಕ್ಕ ಕೆಚ್ಚೂದು ಅಂತೀವಿ. ಒಂದ ಹಾಸಿನ್ಯಾಗ ಸಾವಿರಾರು ಎಳಿ. ಹೊಸೆದು ಹೊಸೆದು ಹೆಬ್ಬೆಟ್ಟಿನ ಗೆರಿ ಸವದು, ಬೆರಳು ಗೋಲಿಗುಂಡಿನಂಗ ನುಣ್ಣಗಾಗ್ಯಾವ.

ಮಗ್ಗದ ಮ್ಯಾಲ ಕುಂತು ಲಾಳಿ ಒಗಿಯಾವ ನೇಕಾರ. ಅವಗ ಸರಕಾರದ ಗುರುತಿನ ಚೀಟಿ ಐತಿ. ಕೆಚ್ಚೋರು, ಲಾಳಿಗೆ ನೂಲಿನ ಕಂಡಿಕಿ ಸುತ್ತೋರು ನಾವು ಯಾರೂ ಅಲ್ಲ. ನಮ್ಮ ಕಾಗದದಾಗ ಎಲ್ಲಾ ಕಡೆ "ಮನೆಗೆಲಸ" ಅಂತ ಬರದಿರತಾರ. ನಾವು ಕೆಚ್ಚಲಿಲ್ಲಂದ್ರ ಆ ಲಾಳಿ ಎಲ್ಲಿ ಓಡಸತಾರ, ಅವರ ತಲಿಯೊಳಗೇನು?

ನಮಗೆಲ್ಲಾ ಈ ಕೆಲಸ ಕಲಿಸಿದಾಕಿ ಆಯಿ. ರಕ್ತದ ಸಂಬಂಧ ಏನಿಲ್ಲ, ಓಣಿಗೆಲ್ಲಾ ಆಕಿ ಆಯಿ. ಈಗ ಕಣ್ಣು ಮಸಕಾಗಿ ಕೆಚ್ಚಾಕ ಆಗೂದಿಲ್ಲ, ಆದ್ರ ಹಾಸಿನ ಮ್ಯಾಲ ಒಮ್ಮೆ ಕೈಯಾಡಿಸಿದ್ರ ಎಲ್ಲಿ ಎಳಿ ಸಡ್ಲ ಐತಿ ಅಂತ ಹೇಳತಾಳ. ಆಕಿ ಟ್ರಂಕಿನ್ಯಾಗ ಒಂದು ಕೆಂಪು ಸೆರಗಿನ ಸೀರಿ ಮಡಚಿ ಇಟ್ಟಾಳ. ಆಕಿ ಗಂಡ ನೇಯ್ದದ್ದು, ಆಕೀನ ಕೆಚ್ಚಿದ್ದು. ಮಣ್ಣಿಗೆ ಹೋಗೂ ದಿನ ಉಡಸ್ರಿ ಅಂತ ನಮಗ ಹೇಳಿ ಇಟ್ಟಾಳ. ಅದರ ಮಡಿಕಿ ಬಿಚ್ಚಿದ್ದನ್ನ ನಾ ಒಮ್ಮೆನೂ ನೋಡಿರಲಿಲ್ಲ. ಆಯಿಗೆ ಇದ್ದದ್ದು ಒಂದ ಆಶಾ. "ಸಾಯೂದರಾಗ ನೇಕಾರಳು ಅಂತ ನನ್ನ ಫೋಟೋ ಇರೂ ಚೀಟಿ ಒಂದು ಬರಲಿ. ಮನಿಗೆಲಸ ಅನ್ನಿಸ್ಕೊಂಡು ಸಾಯಾಕ ನಾ ಒಲ್ಲೆ" ಅಂತಿದ್ಳು.

ಇಲೆಕ್ಷನ್ ಟೈಮಿನ್ಯಾಗ ನಮ್ಮ ಕಡೆಯವರೊಬ್ಬರು ಆಯಿ ಮನ್ಯಾಗ ಕುಂತು ರೊಟ್ಟಿ, ಶೇಂಗಾ ಹಿಂಡಿ ಉಂಡು ಹೋಗಿದ್ರು. ಯಾವ ಊರಿನವರು, ಯಾವ ಪಕ್ಷದವರು ಅಂತ ನಾ ಹೇಳೂದಿಲ್ಲ. ಹೇಳಿದ್ರ ನಾಳೆ ಅವರು ಬ್ಯಾರೆ ಪಕ್ಷದಾಗ ಇರತಾರ, ನನ್ನ ಮಾತು ಸುಳ್ಳಾಗತೈತಿ. ಆರಿಸಿ ಬಂದ್ರು, ಸಾಹೇಬ್ರಾದ್ರು. ನೇಕಾರರ ಸಲುವಾಗಿ ಒಂದು ಕಾಯದೆ ಬರಾಕತ್ತೈತಿ, ಬೆಳಗಾವಿ ಅಧಿವೇಶನದಾಗ ಮಂಡಸ್ತಾರ ಅಂತ ಗೊತ್ತಾದಾಗ ಅವರ ಹಂತೇಕ ಹೋದ್ವಿ. ನೇಕಾರ ಅಂದ್ರ ಯಾರು ಅಂತ ಬರೂ ಜಾಗಾದಾಗ ಕೆಚ್ಚೋರನ್ನ, ಕಂಡಿಕಿ ಸುತ್ತೋರನ್ನ ಸೇರಸ್ರಿ, ಒಂದ ಸಾಲು ಸಾಕು ಅಂದ್ವಿ. "ಆ ಸಾಲು ನನ್ನ ಜವಾಬ್ದಾರಿ ಆಯಿ" ಅಂತ ಆಯಿ ಕೈ ಹಿಡದು ಹೇಳಿದ್ರು. ಅರ್ಜಿ ಮ್ಯಾಲ ಆಯಿ ಹೆಬ್ಬೆಟ್ಟು ಒತ್ತಿದ್ಳು. ಗೆರಿ ಒಂದೂ ಮೂಡಲಿಲ್ಲ, ನೀಲಿ ಚುಕ್ಕಿ ಆತು. "ಇದಕಿಂತ ದೊಡ್ಡ ಸಾಕ್ಷಿ ಬೇಕಾ ಅವರಿಗೆ?" ಅಂದ್ಳು.

ಈ ಅರ್ಜಿ ಕೆಲಸಕ್ಕೆಲ್ಲಾ ಮುಂದ ನಿಂತಾಕಿ ನನ್ನ ಜೋಡಿ ಕೆಚ್ಚಾಕಿ. ನನಗಿಂತ ನಾಕೈದು ವರ್ಷ ದೊಡ್ಡಾಕಿ, ಅಕ್ಕ ಅಂತೀನಿ. ಕೆಚ್ಚಾಕ ಇಬ್ಬರು ಬೇಕು. ಆಕಿ ಎಡಗಡೆ ಅಂಚಿನಿಂದ, ನಾ ಬಲಗಡೆ ಅಂಚಿನಿಂದ ಚಾಲೂ ಮಾಡಿ, ನಡುವ ಬಂದು ಕೂಡತಿದ್ವಿ. ಇಪ್ಪತ್ತೆರಡು ವರ್ಷ ಹಂಗ ಕುಂತೇವಿ. ನನ್ನ ಹೆರಿಗಿ ಬ್ಯಾನಿ, ಆಕಿ ಗಂಡನ ಕುಡತ, ಎಲ್ಲಾ ಆ ಹಾಸಿನ ಮ್ಯಾಲ ಮಾತಾಡಿ ಮುಗಿಸೇವಿ. ಆಕಿ ಮುಚ್ಚಿಟ್ಟದ್ದು ಒಂದೂ ಇಲ್ಲ ಅಂತ ನಾ ಆಣಿ ಮಾಡಿ ಹೇಳತಿದ್ದೆ.

ಸೋಮವಾರ ಹನ್ನೊಂದು ಮಂದಿ ಹೊಂಟ್ವಿ. ಆಧಾರ ಕಾರ್ಡ ತೋರಸಿ ಪುಕ್ಕಟೆ ಬಸ್ಸು, ಮುಧೋಳದಾಗ ಇಳದು, ಲೋಕಾಪುರ ಮ್ಯಾಲ ಹಾಯ್ದು ಬೆಳಗಾವಿ. ಸೌಧದಿಂದ ದೂರ, ಹೊಲದಾಗ ಹಾಕಿದ್ದ ಟೆಂಟಿನ್ಯಾಗ ಕುಂಡ್ರಿಸಿದ್ರು. ಮೊದಲನೇ ದಿನ ಒಳಗ ಸತ್ತವರ ಹೆಸರು ಓದಿ, ಎಲ್ಲಾರೂ ಎದ್ದು ನಿಂತು ಮೌನ ಮಾಡಿ, ಮುಂದಕ್ಕ ಹಾಕಿದ್ರಂತ. ಫೋನಿನ್ಯಾಗ ಆಯಿಗೆ ಹೇಳಿದ್ರ ಆಕಿ ನಕ್ಕು, "ಸತ್ತ ಮ್ಯಾಲಾದ್ರೂ ಎದ್ದು ನಿಲ್ಲತಾರಲ್ಲ, ಛಲೋ ಆತು ಬಿಡು" ಅಂದ್ಳು.

ಬಾಜೂ ಟೆಂಟಿನ್ಯಾಗ ಡ್ಯಾಮಿನ ನೀರಾಗ ಹೊಲಾ ಮನಿ ಕಳಕೊಂಡ ಬೀಳಗಿ ಕಡೆ ಮುಳುಗಡಿ ಮಂದಿ ಇದ್ರು. ಅವರೊಳಗ ಒಬ್ಬ ಮುದುಕಪ್ಪ, ಥಂಡಿ ಬಂತಂದ್ರ ವರ್ಷಾ ಬರಾವ. ಪೊಲೀಸ್ರ ಹೆಸರು ಸುದ್ದಾ ಅವಗ ಬಾಯಿಪಾಠ. ನಮ್ಮ ಕಥಿ ಕೇಳಿ, "ತಂಗೀ, ಕಾಗದ ಕೈಯಾಗ ಬರೂತನಕ ಬಾಯಿ ಸಿಹಿ ಮಾಡ್ಕೋಬ್ಯಾಡ್ರಿ" ಅಂದ. ಈ ಯಪ್ಪಗ ಹುಳಿನ ರುಚಿ ಹತ್ತೇತಿ ಅಂತ ನಾವು ಮುಸಿಮುಸಿ ನಕ್ಕಿವಿ. ನಗೂದರಾಗ ನಾನ ಮುಂದ.

ಮಂಗಳವಾರ ಯಾರೂ ಬರಲಿಲ್ಲ. ಬುಧವಾರ ಸಾಹೇಬ್ರು ಟೆಂಟಿಗೆ ಬಂದ್ರು. ಟೈಪ್ ಮಾಡಿದ ಕಾಗದ ತೋರಸಿ, "ನೋಡ್ರಿ, ತಿದ್ದುಪಡಿ ಕೊಟ್ಟೇನಿ, ನಾಳೆ ವಿಧೇಯಕ ಬರತೈತಿ" ಅಂದ್ರು. ನಾ ಹತ್ತನೇತ್ತಾ ಪಾಸ್ ಆದಾಕಿ. ನನ್ನ ಕಣ್ಣಿಲೆ ನಾನ ಓದೇನಿ, ಕೆಚ್ಚುವವರು ಅಂತ ಖರೇನ ಇತ್ತು. ಎರಡು ಪಾಸು ಕೊಡಸ್ತೀನಿ, ಗ್ಯಾಲರ್ಯಾಗ ಕುಂತು ನೋಡ್ರಿ ಅಂದ್ರು. ಅಕ್ಕ ಮತ್ತ ನಾನು ಅಂತ ಆತು.

ಗುರುವಾರ ಮುಂಜಾನಿ ಪಾಸ್ ತರಾಕ ಅಕ್ಕ ಒಬ್ಬಾಕೀನ ಸಾಹೇಬ್ರ ಖೋಲಿಗೆ ಹೋದ್ಳು. ಬರಾಕ ಬಾಳ ಹೊತ್ತಾತು. ಬಂದಾಗ ಮುಖ ಸಪ್ಪಗಿತ್ತು. ಯಾಕಕ್ಕಾ ಅಂದ್ರ, ಚಾ ಕುಡದಿಲ್ಲ, ತಲಿ ನೋಯಾಕತ್ತೈತಿ ಅಂದ್ಳು. ನಾ ಓಡಿಹೋಗಿ ಚಾ ತಂದು ಕೊಟ್ಟೆ.

ಗೇಟಿನ್ಯಾಗ ಫೋನು ಇಸ್ಕೊಂಡು ಒಳಗ ಬಿಟ್ರು. ಮ್ಯಾಲ ಗ್ಯಾಲರ್ಯಾಗ ಕುಂತ್ವಿ. ಕೆಮ್ಮಬ್ಯಾಡ್ರಿ, ಕೈ ತಟ್ಟಬ್ಯಾಡ್ರಿ, ಮಾತಾಡಬ್ಯಾಡ್ರಿ ಅಂತ ಒಬ್ಬಾಂವ ಹೇಳಿ ಹೋದ. ಸ್ವಲ್ಪ ಹೊತ್ತಿಗೆ ಸಭಾಧ್ಯಕ್ಷರು ಮ್ಯಾಲ ನೋಡಿ, ಬನಹಟ್ಟಿಯ ನೇಕಾರ ಸಹೋದರಿಯರು ಬಂದಿದ್ದಾರೆ, ಸದನ ಅವರನ್ನು ಸ್ವಾಗತಿಸುತ್ತದೆ ಅಂದ್ರು. ಅಷ್ಟೂ ಮಂದಿ ಬೆಂಚು ಬಡದ್ರು. ನಮ್ಮ ಓಣಿ ಮಗ್ಗ ಎಲ್ಲಾ ಒಮ್ಮೆಲೆ ಚಾಲೂ ಆದಂಗ ಸಪ್ಪಳ. ನಾ ಎದ್ದು ಕೈ ಮುಗದೆ, ಕಣ್ಣಾಗ ನೀರು ಬಂತು. ಯವ್ವಾ, ನೇಕಾರ ಅಂದ್ರಲ್ಲಾ ನಮಗ! ಅಕ್ಕ ಕೈ ಮುಗದ್ಳು, ಆದ್ರ ನನ್ನ ಕಡೆ ನೋಡಲಿಲ್ಲ.

ಆಮ್ಯಾಲ ಕಾಯದೆ ಬಂತು. ಎಷ್ಟನೇ ಖಂಡ ಅಂತ ಓದತಿದ್ರು, ಪರವಾಗಿರೋರು ಹೌದು ಅನ್ರಿ ಅಂತಿದ್ರು, ಕೆಳಗಿಂದ ಹೌದು ಅಂತಿದ್ರು, ಒಪ್ಪಲಾಯಿತು, ಮುಂದಿಂದು. ನಮ್ಮ ಸಾಹೇಬ್ರ ಹೆಸರು ಕರದ್ರು. ಅವರು ಅರ್ಧಾ ಎದ್ದು ಎರಡು ಮಾತು ಏನೋ ಅಂದು, ಕೈ ಬೀಸಿ ಕುಂತ್ರು. ಗದ್ದಲದಾಗ ಕೇಳಲಿಲ್ಲ. ಮತ್ತ ಹೌದು ಅಂತ ದನಿ ಬಂತು, ಮತ್ತ ಬೆಂಚು ಬಡದ್ರು. ನಾ ಅಕ್ಕನ ಮೊಣಕೈ ಹಿಡದು ಮೆಲ್ಲಕ ಕೇಳಿದೆ. "ಅಕ್ಕಾ, ನಮ್ಮ ಸಾಲು ಸೇರಿತೇನ?"

ಅಕ್ಕ ಗೋಣು ಹಾಕಿದ್ಳು.

ಹೊರಗ ಬಂದು ಫೋನು ಇಸ್ಕೊಂಡವಳ ಮೊದಲ ಆಯಿಗೆ ಹಚ್ಚಿದೆ. "ಆಯೀ! ಬಂತು! ನೀ ಈಗ ನೇಕಾರಳು! ಕಾಯದ್ಯಾಗ ಬಂತು!" ಅಂತ ಒದರಿದ ಒದರಿಗಿಗೆ ಗೇಟಿನ ಪೊಲೀಸಪ್ಪ ಹೊಳ್ಳಿ ನೋಡಿದ. ಅತ್ತಾಗಿಂದ ಆಯಿ, "ಖರೇ ಏನವ್ವಾ?" ಅಂದ್ಳು. "ನನ್ನ ಕಣ್ಣಿಲೆ ನೋಡೇನಿ ಆಯೀ" ಅಂದೆ. ಟೆಂಟಿನ್ಯಾಗ ಸುದ್ದಿ ಕೇಳಿ ಹೆಣ್ಮಕ್ಕಳು ಫುಗಡಿ ಆಡಿದ್ರು, ಸಕ್ರಿ ಹಂಚಿದ್ರು. ಮುದುಕಪ್ಪನ ಬಾಯಿಗೂ ನಾ ಒಂದು ಚಿಮಟಿ ಸಕ್ರಿ ಹಾಕಿದೆ. ಅಕ್ಕ ಹಿಂದ ನಿಂತು ಸೆರಗಿಲೆ ಕಣ್ಣು ಒರಸ್ಕೋತಿದ್ಳು. ಖುಷಿಗೆ ಅಳಾಕತ್ತಾಳಂತ ತಿಳದು ನಾ ತೆಕ್ಕಿ ಬಡದೆ.

ಶುಕ್ರವಾರ ಸಾಧಕ ಮಹಿಳೆಯರಿಗೆ ಸನ್ಮಾನ ಅಂದ್ರು. ಅದರಾಗ ಅಕ್ಕನ ಹೆಸರು ಇತ್ತು. ನಮಗ ಯಾರಿಗೂ ಮೊದಲು ಗೊತ್ತಿರಲಿಲ್ಲ. ವೇದಿಕಿ ಮ್ಯಾಲ ಕರದು ಶಾಲು ಹೊಚ್ಚಿ, ಹಾರ ಹಾಕಿ, ಕೈಯಾಗ ಫಲಕ ಕೊಟ್ಟು, ಹಿರಿಯ ನೇಕಾರ ಮಹಿಳೆ ಅಂತ ಮೈಕಿನ್ಯಾಗ ಹೇಳಿದ್ರು. ನಾವು ಹತ್ತೂ ಮಂದಿ ಕೈ ಕೆಂಪಾಗೂ ಹಂಗ ತಟ್ಟಿದ್ವಿ. ಸಾಹೇಬ್ರು ಪಕ್ಕದಾಗ ನಿಂತು ಫೋಟೋ ತೆಗಿಸ್ಕೊಂಡ್ರು.

ಸಂಜಿಮುಂದ ಮುಧೋಳ ಬಸ್‌ಸ್ಟ್ಯಾಂಡಿನ್ಯಾಗ ಬನಹಟ್ಟಿ ಬಸ್ಸು ಕಾಯಾಕತ್ತಿದ್ವಿ. ಕಬ್ಬಿನ ಟ್ರ್ಯಾಕ್ಟರ್ ಒಂದರ ಹಿಂದ ಒಂದು ಹೊಂಟು, ಧೂಳಿಗೆ ಉಸರು ಕಟ್ಟತಿತ್ತು. ಸನ್ಮಾನದಾಗ ಕೊಟ್ಟ ಚೀಲ ನನ್ನ ಕೈಯಾಗ ಕೊಟ್ಟು ಅಕ್ಕ ಚಾ ತರಾಕ ಹೋದ್ಳು. ಫಲಕ ನೋಡೋಣಂತ ಕೈ ಹಾಕಿದ್ರ ಅದರ ಕೆಳಗ ಪಾಸಾದ ಕಾಯದೆ ಪ್ರತಿ ಇತ್ತು. ತಗದು ನಮ್ಮ ಸಾಲು ಹುಡಕಿದೆ. ನೇಕಾರ ಅಂದ್ರ ಮಗ್ಗದ ಮ್ಯಾಲ ಕುಂತು ನೇಯುವವರು, ಅಷ್ಟ. ಹಿಂದಿನ ಹಾಳಿ ನೋಡಿದೆ, ಮುಂದಿನ ಹಾಳಿ ನೋಡಿದೆ, ಮತ್ತ ಮೊದಲಿಂದ ಓದಿದೆ. ಬೆಣ್ಣ್ಯಾಗಿನ ಕೂದಲಾ ತಗದಂಗ ನಮ್ಮನ್ನ ತಗದಿದ್ರು.

ಅಕ್ಕ ಎರಡು ಕಪ್ಪು ಹಿಡಕೊಂಡು ಬಂದ್ಳು. ನನ್ನ ಕೈಯಾಗಿನ ಕಾಗದ ನೋಡಿ ಅಲ್ಲೇ ನಿಂತ್ಳು.

"ಇದರಾಗ ನಾವಿಲ್ಲಕ್ಕಾ" ಅಂದೆ.

"ಗೊತ್ತೈತಿ" ಅಂದ್ಳು. "ಗುರುವಾರ ಮುಂಜಾನೇನ ಹೇಳಿದ್ರು. ಈ ಸಲ ಆಗೂದಿಲ್ಲ, ಮ್ಯಾಲಿನವರು ಒಪ್ಪವಲ್ರು, ತಿದ್ದುಪಡಿ ಮಂಡಸೂದಿಲ್ಲ, ಮುಂದ ನೋಡೋಣು ಅಂದ್ರು."

"ಹಂಗಾರ ನಾ ಕೇಳಿದಾಗ ಗೋಣು ಯಾಕ ಹಾಕಿದಿ?"

"ನೀ ಅಲ್ಲೇ ಒದರ್ಯಾಡತಿದ್ದಿ. ನಮ್ಮಿಬ್ಬರನ್ನೂ ಎಳದು ಹೊರಗ ಹಾಕತಿದ್ರು."

"ಆತು. ಹೊರಗ ಬಂದ ಮ್ಯಾಲ? ಆಯಿಗೆ ಫೋನ್ ಹಚ್ಚೂ ಮುಂದ ನನ್ನ ಕೈ ಹಿಡಿಯಾಕ ನಿನ್ನ ಕೈ ಮುರದಿದ್ದವಾ?"

ಅಕ್ಕ ಕಪ್ಪು ಕೆಳಗ ಇಟ್ಳು. "ಸನ್ಮಾನ ಮುಗಿಯೂತನಕ ಸುಮ್ಮಿರು ಅಂದ್ರು. ಇಷ್ಟು ವರ್ಷದಾಗ ನನ್ನ ಹೆಸರು ಯಾರೂ ಕರದಿಲ್ಲ ತಂಗೀ. ಆಕಿ, ಈಕಿ, ಅವನ ಹೆಂಡತಿ, ಅಷ್ಟ. ಮೈಕಿನ್ಯಾಗ ಒಮ್ಮೆ ಕರೀತಾರ ಅಂದ್ರ... ಆಸೆಬಿದ್ದೆ."

ತಲಿ ಕೆಟ್ಟು ಮಸರಗಡಗಿ ಆಗಿತ್ತು. ಸಾಹೇಬ್ರದ್ದು ನನಗ ಅಷ್ಟು ನಟ್ಟಿಲ್ಲ. ಉಂಡ ಮನಿ ಜಂತಿ ಎಣಸೂದು ಅವರಿಗೆ ರೂಢಿ ಇರಬೇಕು. ಅಕ್ಕ ಹಂಗ ಮಾಡಿದ್ದು ನಟ್ಟಿತು. ಇಪ್ಪತ್ತೆರಡು ವರ್ಷ ಒಂದ ಹಾಸಿನ ಮುಂದ ಕುಂತಾಕಿ, ನನ್ನ ಬಾಯಿಂದ ಸುಳ್ಳು ಹೇಳಿಸಿ, ಹಿಂದ ನಿಂತು ಕಣ್ಣು ಒರಸ್ಕೊಂಡ್ಳು. ಸಡ್ಲ ಕೆಚ್ಚಿದ ಎಳಿ ಕಣ್ಣಿಗೆ ಕಾಣೂದಿಲ್ಲ, ಮಗ್ಗ ಜಗ್ಗಿದಾಗ ಹರೀತೈತಿ. ನಾ ಆ ಚಾ ಮುಟ್ಟಲಿಲ್ಲ. ಬಸ್ಸಿನ್ಯಾಗ ಆಕಿ ಮುಂದ ಕುಂತ್ಳು, ನಾ ಹಿಂದ ಕುಂತೆ. ಉಳಿದ ಹೆಣ್ಮಕ್ಕಳಿಗೆ ನಾನ ಹೇಳಿದೆ. ಕೆಲವರು ಅತ್ರು, ಕೆಲವರು ಅಕ್ಕನ ಬೈದ್ರು. ಒಬ್ಬಾಕಿ ನನಗ, "ನೀ ಸರಿಯಾಗಿ ಕೇಳಿಸ್ಕೊಂಡು ಬಂದು ಹೇಳಬಾರದಿತ್ತೇನ?" ಅಂದ್ಳು.

ಶನಿವಾರ ಮುಂಜಾನಿ ಆಯಿ ಮನಿಗೆ ಹೋದೆ. ಹೋಗಲಾ, ಬ್ಯಾಡಾ ಅಂತ ಮೂರು ಸಲ ನಮ್ಮನಿ ಹೊಸ್ತಿಲಾ ದಾಟಿ ಹೊಳ್ಳಿ ಒಳಗ ಬಂದಿದ್ದೆ. ಆಯಿ ಕಟ್ಟಿ ಮ್ಯಾಲ ಕುಂತಿದ್ಳು. ನನ್ನ ಹೆಜ್ಜಿ ಸಪ್ಪಳಕ್ಕ ಗುರುತು ಹಿಡದು, "ಬಾರವ್ವಾ, ಬಾ" ಅಂತ ಕೈ ಹಿಡದು ಜಗ್ಗಿ ಕುಂಡ್ರಿಸ್ಕೊಂಡ್ಳು. ಗುರುವಾರ ಸಂಜೀಗೇನ ಓಣಿಗೆಲ್ಲಾ ಸಕ್ರಿ ಹಂಚಿದ್ಳಂತ. ಶುಕ್ರವಾರ ಬಾಜೂ ಮನಿಯಾಕಿನ್ನ ಕರಕೊಂಡು ರಬಕವಿಗೆ ಹೋಗಿ, ಸ್ಟುಡಿಯೋದಾಗ ಫೋಟೋ ತೆಗಿಸ್ಕೊಂಡು ಬಂದಾಳ. ಎಲಿ ಅಡಿಕಿ ಚಂಚಿಯೊಳಗಿಂದ ಎರಡು ಸಣ್ಣ ಫೋಟೋ ತಗದು ನನ್ನ ಕೈಯಾಗ ಇಟ್ಳು.

"ಚೀಟಿಗೆ ಒಂದ ಸಾಕಂದ್ರು. ಇರಲಿ ಅಂತ ಒಂದು ಹೆಚ್ಚಿಗಿ ತೆಗಿಸೇನಿ. ನೋಡು, ಛಲೋ ಬಂದೈತೇನ? ನನಗ ಕಾಣೂದಿಲ್ಲ."

ಛಲೋ ಬಂದಿತ್ತು. ತಲಿ ತುಂಬ ಸೆರಗು, ಹಣಿ ಮ್ಯಾಲ ವಿಭೂತಿ, ಎದಿ ಎತ್ತಿ ಕುಂತಿದ್ಳು. ಫೋಟೋ ಇಷ್ಟ ಸಣ್ಣದಿದ್ರೂ ಸೆರಗಿನ ಕೆಂಪು ನನಗ ಗುರುತು ಸಿಕ್ಕಿತು. ಟ್ರಂಕಿನ ಸೀರಿ.

ಬರತೈತಿ ಬಿಡು ಆಯೀ, ತಡಾ ಆಗತೈತಿ ಅಂತ ಅನ್ನಬಹುದಿತ್ತು. ನಾಲಿಗಿ ತುದಿಗೇ ಬಂದಿತ್ತು. ಆದ್ರ ಗೋಣು ಹಾಕೂ ಮುಂದ ಅಕ್ಕಗೂ ಹಿಂಗ ಅನಿಸಿರಬೇಕು ಅಂತ ಒಮ್ಮೆಲೆ ಹೊಳೀತು. ಇದ್ದದ್ದು ಇದ್ದಂಗ ಹೇಳಿಬಿಟ್ಟೆ. ಸಾಲು ಸೇರಿಲ್ಲ, ಸಾಹೇಬ್ರು ಕೈ ಕೊಟ್ರು, ಅಕ್ಕಗ ಮೊದಲ ಗೊತ್ತಿತ್ತು, ಎಲ್ಲಾ ಹೇಳಿದೆ.

ಆಯಿ ಅಳಲಿಲ್ಲ, ಬೈಲಿಲ್ಲ. "ನಿನ್ನ ಜೋಡಿಯಾಕಿ ನನಗ ಫೋನ್ ಮಾಡಿದ್ಳೇನ?" ಅಂತ ಕೇಳಿದ್ಳು.

"ಇಲ್ಲ ಆಯೀ."

"ಸಾಹೇಬ ಮಾಡಿದ್ನೇನ?"

"ಇಲ್ಲ."

"ಕಣ್ಣಿಲೆ ನೋಡೇನಿ ಅಂದಾಕಿ ನೀನ ಅಲಾ?"

ಆಯಿ ಕೈ ಚಾಚಿದ್ಳು. ಎರಡೂ ಫೋಟೋ ಆಕಿ ಅಂಗೈಯಾಗ ಇಟ್ಟೆ. ಗೆರಿ ಇಲ್ಲದ ಹೆಬ್ಬೆಟ್ಟಿಲೆ ಅವನ್ನ ಒಂದೊಂದ ಸಲ ಸವರಿ ಚಂಚಿಯೊಳಗ ಹಾಕ್ಕೊಂಡ್ಳು.

"ನೀ ಹೇಳಿದ್ದಕ್ಕ ಆ ಸೀರಿ ಮಡಿಕಿ ಬಿಚ್ಚೇನವ್ವಾ" ಅಂದ್ಳು.