ಬಿಳಿ ನಾಲ್ಕೋ, ಬಿಳಿ ಐದೋ

ಹೊಳೆನರಸೀಪುರ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ಒಂದು ಗಂಭೀರ ವಿಷಯ ತೀರ್ಮಾನವಾಗದೆ ಉಳಿದಿದೆ. ಒಂದು ತಿರುಪನ್ನು ಎಡಕ್ಕೆ ಎಷ್ಟು ತಿರುಗಿಸಬೇಕು ಎಂಬುದೇ ಆ ವಿಷಯ. ಸರ್ಕಾರಗಳು ಬಂದು ಹೋಗಿವೆ. ತಿರುಪು ಅಲ್ಲೇ ಇದೆ.

ಬೆಳಗಿನ ಐದೂವರೆ. ಹಾಸನದ ಮೊದಲ ಬಸ್ಸು ಗೊರಗುಟ್ಟುವ ಮುನ್ನ ಟೇಪ್‌ರೆಕಾರ್ಡರ್ ರಿಪೇರಿಯ ನಾಗೇಶ್ ಷಟರ್ ಅರ್ಧ ಎತ್ತಿ ಒಳಗೆ ನುಸುಳುತ್ತಾರೆ. ಕ್ಯಾಸೆಟ್ಟು ಹಾಕುತ್ತಾರೆ. ಊರ ಆರ್ಕೆಸ್ಟ್ರಾ: ತಬಲಾ, ಕೊಳಲು, ಹಾರ್ಮೋನಿಯಂ. ನಡುವೆ ‘ಬೇಗ ಬಾ, ಬೇಗ ಬಾ’ ಎಂದು ಹೆಣ್ಣುದನಿಯೊಂದು ಜಿಂಕೆಮರಿಯಂತೆ ಜಿಗಿಯುತ್ತದೆ. ಅದು ಹೆಂಡತಿ ಪ್ರೇಮಕುಮಾರಿಯದು. ಹಾಡಿದ ಮೂರನೆಯ ತಿಂಗಳಿಗೆ ಕಾಮಾಲೆಯಲ್ಲಿ ತೀರಿಕೊಂಡರು. ಉಳಿದಿರುವ ದನಿ ಇದೊಂದೇ.

“ಅವತ್ತು ದೊಡ್ಡಗದ್ದವಳ್ಳೀಲಿ ಕರೆಂಟ್ ಓಯ್ತು ಸಾ. ಹಳೇ ಸೆಲ್ ಹಾಕಿ, ರೆಕಾರ್ಡ್ ಒತ್ತಿ, ಜನರೇಟರ್ ಹುಡುಕ್ಕಂಡು ಓದೆ. ಬರೋವತ್ಗೆ ಆಡು ಮುಗ್ದೋಗಿತ್ತು. ಸೆಲ್ ಇಳ್ದಿದ್ರೆ ಟೇಪು ತೆವಳ್ತದೆ. ತೆವಳ್ಕಂಡು ತುಂಬಿದ್ದು ಆಮೇಲೆ ಓಡ್ಕಂಡ್ ಬತ್ತದೆ. ಎಷ್ಟು ಓಡ್ತದೆ ಅಂತ ಯಾರಿಗ್ ಗೊತ್ತು?” ಎಂದು ನಾಗೇಶ್ ನನ್ನನ್ನು ಕೇಳುತ್ತಾರೆ.

ಮೆಕ್ಯಾನಿಕ್ಕೇ ಹಳೇ ಸೆಲ್ ಹಾಕಿದನೆ ಎಂದು ಬೇರೆಯವರು ಕೇಳಬೇಕಿಲ್ಲ. ದಿನವೂ ಅವರೇ ಕೇಳಿಕೊಳ್ಳುತ್ತಾರೆ.

ಒಂದು ಕಾಲಕ್ಕೆ ದಿನಕ್ಕೆ ಹದಿನೈದು ಸೆಟ್ಟು ಬಿಚ್ಚಿದ ಕೈ. ಈಗ ವಾರಕ್ಕೆ ಎರಡು ಬಂದರೆ ಹಬ್ಬ. ಅರಕಲಗೂಡು, ಗೊರೂರಿನಿಂದ ಬರುವವರು ತೀರಿಹೋದವರ ದನಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ತರುತ್ತಾರೆ. ಟೇಪಿನ ವೇಗ ಸರಿಹೋದ ಮೇಲೆ, ಅದನ್ನು ಹೆಚ್ಚುಕಮ್ಮಿ ಮಾಡುವ ಮೋಟಾರಿನ ತಿರುಪು ಅಲುಗದಿರಲೆಂದು ಅದರ ಮೇಲೆ ಒಂದು ಹನಿ ಉಗುರುಬಣ್ಣ. ಎಲ್ಲರ ತಿರುಪಿಗೂ ಬಿದ್ದ ಬಣ್ಣ ನಾಗೇಶರ ಸ್ವಂತ ಸೆಟ್ಟಿನದಕ್ಕೆ ಮಾತ್ರ ಬಿದ್ದಿಲ್ಲ.

ಈ ಸೋಮವಾರ ಚನ್ನರಾಯಪಟ್ಟಣದಿಂದ ಹಾರ್ಮೋನಿಯಂ ಭೀಮಣ್ಣ ಬಂದಿದ್ದಾರೆ. ನಾಟಕ ಕಂಪನಿಯ ಹಿಂದೆ ಊರೂರು ಅಲೆದು ಈಗಷ್ಟೇ ಮನೆ ಸೇರಿದವರು. ಆ ದಿನ ಪ್ರೇಮಕುಮಾರಿಯ ಹಾಡಿಗೆ ನುಡಿಸಿದ ಪೆಟ್ಟಿಗೆಯನ್ನೇ ಹೊತ್ತು ತಂದಿದ್ದಾರೆ. ಕ್ಯಾಸೆಟ್ಟು ಕೇಳಿ ಅವರಿಗೆ ನಗು ತಡೆಯುವುದಿಲ್ಲ.

“ಯಾರ್ಲಾ ಇದು, ಇಲಿಮರಿ? ಇದು ಬಿಳಿ ಐದು. ಪ್ರೇಮನ್ ಶ್ರುತಿ ಬಿಳಿ ನಾಲ್ಕು ಕಣ್ಲಾ. ಐದು ಕೊಟ್ರೆ ನನ್ನೇ ಗುರಾಯ್ಸೋಳು.”

ಪೆಟ್ಟಿಗೆಯ ನಾಲ್ಕನೆಯ ಬಿಳಿ ಮನೆಯನ್ನು ಒತ್ತಿ ಹಿಡಿಯುತ್ತಾರೆ. ನಾಗೇಶ್ ಆ ಶ್ರುತಿಗೆ ಕಿವಿಗೊಟ್ಟು ತಿರುಪನ್ನು ಎಡಕ್ಕೆ ತಿರುಗಿಸುತ್ತಾರೆ. ಹಾಡು ಮೆಟ್ಟಿಲಿಳಿಯುತ್ತದೆ. ತಬಲಾ ನಿಧಾನಿಸುತ್ತದೆ. ಜಿಗಿತ ಹೋಗಿ ನಡಿಗೆ ಬರುತ್ತದೆ. ಸಾಲು ಸಾಲಿನ ನಡುವೆ ದಣಿದ ಉಸಿರು ಕೇಳಿಸುತ್ತದೆ. ಬೇಗ ಬಾ. ಬೇಗ ಬಾ.

“ತುಂಟಾಟಕ್ಕೆ ಕರೀತಾವ್ಳೆ ಅಂದ್ಕಂಡಿದ್ನಲ್ಲ ಭೀಮಣ್ಣ.”

“ಬಾಗ್ಲು ಕಡೀಕೇ ನೋಡ್ಕಂಡು ಆಡಿದ್ಲು ಕಣ್ಲಾ. ಕುಣಿಸಿದ್ದು ನಿನ್ ಸೆಲ್ಲು.”

ನಾಗೇಶ್ ಮೂರು ಸಲ ಹಿಂದಕ್ಕೆ ಸುತ್ತಿ ಕೇಳುತ್ತಾರೆ. ಅಷ್ಟರಲ್ಲಿ ಹಾಸನದ ಬಸ್ಸು ಹೊರಟುಹೋಗಿದೆ.

“ಐದ್ರಲ್ಲಿ ನಗ್ತಿದ್ಲು ಸಾ,” ಎನ್ನುತ್ತಾರೆ ನನ್ನತ್ತ ತಿರುಗಿ. “ನಾಲ್ಕ್ರಲ್ಲಿ ಅವ್ಳೇ ಬಂದವ್ಳೆ.”

ಉಗುರುಬಣ್ಣದ ಮುಚ್ಚಳ ತೆಗೆದು ತಿರುಪಿನ ಮೇಲೆ ಒಂದು ಹನಿ ಬಿಡುತ್ತಾರೆ. ಹತ್ತು ನಿಮಿಷಕ್ಕೆ ಅದು ಒಣಗುತ್ತದೆ.