ಬಾಗಿಲ ಪಕ್ಕದ ಕುರ್ಚಿ

ಪ್ರಾರ್ಥನಾ ಮಂದಿರದ ಅಂಗಳದಲ್ಲಿ ಹುಟ್ಟಿ, ಕೋರ್ಟಿನ ಮೆಟ್ಟಿಲನ್ನೂ ಪೊಲೀಸ್ ಠಾಣೆಯ ಬೆಂಚನ್ನೂ ಸವೆಸುತ್ತ ಬಂದಿರುವ ನಮ್ಮ ನ್ಯಾಯ ಸೇವಾ ಸಂಘದಂಥ ಸಂಸ್ಥೆಗಳಲ್ಲಿ ಇಪ್ಪತ್ತಾರು ವರ್ಷ ಒಂದೇ ಸಮನೆ ಮುಂದಾಳಾಗಿ ದುಡಿದವರು ವಿರಳ. ದುಡಿದು, ತಮ್ಮಿಂದಾದ ಅತಿ ದೊಡ್ಡ ತಪ್ಪನ್ನು ಊರೆದುರು ಒಪ್ಪಿಕೊಂಡು, ಆಮೇಲೂ ಅದೇ ಕೆಲಸದಲ್ಲಿ ಉಳಿದವರು ನಾನು ಕಂಡಂತೆ ಒಬ್ಬರೇ. ಅವರೇ ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ನಿರ್ದೇಶಕರು. ಹಿಂದೆ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವರು, ಪ್ರತಿ ಸಂಧಾನ ಸಭೆಗೂ ಮುನ್ನ ಕುರ್ಚಿಗಳನ್ನು ತಾವೇ ಹೊತ್ತು ತಂದು ದುಂಡಗೆ ಜೋಡಿಸುವವರು. ಹಾಗಾಗಿ ಎಲ್ಲರ ಬಾಯಲ್ಲೂ ಅವರು ಕುರ್ಚಿ ಮೇಷ್ಟ್ರು.

ಅವರ ಜಾಗಕ್ಕೆ ಬರಲಿರುವ, ಮೇಷ್ಟ್ರ ಈ ಅಭಿನಂದನ ಗ್ರಂಥದ ಸಂಪಾದಕಿಯೂ ಆದ ನಮ್ಮ ವಕೀಲಮ್ಮ, "ಅಕ್ಕಾ, ಸ್ವಲ್ಪ ಮೆತ್ತಗೆ ಬರೀರಿ, ಸಂತೋಷದ ಸಮಾರಂಭ" ಎಂದು ನನಗೆ ತಾಕೀತು ಮಾಡಿದ್ದಾರೆ. ಮೆತ್ತಗೆ ಬರೆಯುವ ಕಲೆ ನನಗೆ ಒಲಿದಿದ್ದರೆ ಈ ಕಚೇರಿಯ ಕಡತಗಳ ಧೂಳು ಕುಡಿಯುತ್ತ ಇಷ್ಟು ವರ್ಷ ಏಕೆ ಕೂರುತ್ತಿದ್ದೆ? ಮೇಷ್ಟ್ರು ಮಾತ್ರ "ನಡೆದದ್ದನ್ನ ಬರಿಯಮ್ಮ" ಎಂದರು. ನಾನು ಅವರ ಮಾತನ್ನೇ ಹಿಡಿದಿದ್ದೇನೆ.

ಮೊದಲ ಹದಿನಾರು ವರ್ಷ ಅವರ ಪದ್ಧತಿ ಒಂದೇ ಆಗಿತ್ತು. ಗೋಡೆಗಾಗಿ ಕಿತ್ತಾಡಿದ ನೆರೆಹೊರೆಯವರನ್ನು, ಮಾಲೀಕನನ್ನೂ ಅವನು ಹೊರಹಾಕಿದ ಆಳನ್ನೂ, ಹೊಡೆದ ಗಂಡನನ್ನೂ ಏಟು ತಿಂದ ಹೆಂಡತಿಯನ್ನೂ ಎದುರುಬದುರು ಕೂರಿಸಿ, ಇಬ್ಬರ ಮಾತನ್ನೂ ತಾಳ್ಮೆಯಿಂದ ಕೇಳಿ, ಕೊನೆಗೆ ಎಲ್ಲರಿಂದಲೂ ಕ್ಷಮೆಯ ಪ್ರಾರ್ಥನೆ ಮಾಡಿಸುತ್ತಿದ್ದರು. ಅದರಿಂದ ಎಷ್ಟೋ ಮನೆಗಳು ಉಳಿದವು. ಅದನ್ನು ಅಲ್ಲಗಳೆಯುವಷ್ಟು ಕೆಟ್ಟವಳು ನಾನಲ್ಲ.

ಹತ್ತು ವರ್ಷಗಳ ಹಿಂದೆ ನನ್ನ ಅಕ್ಕ, ಒಂದು ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು, ಇನ್ನೊಂದು ಕೈಯಲ್ಲಿ ಮೂರು ವರ್ಷದ ಮಗಳನ್ನು ಹಿಡಿದುಕೊಂಡು ಆ ಕುರ್ಚಿಗಳ ನಡುವೆ ಬಂದು ಕೂತಳು. ಭಾವ ಗೊಳೋ ಎಂದು ಅತ್ತು ಮೇಷ್ಟ್ರ ಕಾಲು ಹಿಡಿದ. "ನಂಗೆ ಭಯ ಆಗ್ತಿದೆ, ಮನೆಗೆ ಹೋಗಲ್ಲ" ಎಂದಳು ಅಕ್ಕ. ಮೇಷ್ಟ್ರು ಹೇಳಿದರು: "ಒಂದು ಅವಕಾಶ ಕೊಡಮ್ಮ. ದೇವರು ನಮಗೆಲ್ಲ ಎಷ್ಟು ಸಲ ಕೊಟ್ಟಿಲ್ಲ?" ಅಕ್ಕ ಬಾಗಿಲ ಕಡೆ ಎರಡು ಸಲ ನೋಡಿ, ಆಮೇಲೆ ನನ್ನ ಮುಖ ನೋಡಿದಳು. ಅಯ್ಯೋ, ನಾನೂ ಹೂಂ ಎಂದು ತಲೆಯಾಡಿಸಿಬಿಟ್ಟೆ. ಒಂಬತ್ತನೆಯ ದಿನ ಭಾವ ಅವಳನ್ನು ಅಡುಗೆಮನೆಯಲ್ಲಿ ಕೊಂದ. ಮಗು ಪಕ್ಕದ ಕೋಣೆಯಲ್ಲಿತ್ತು.

ಮೇಷ್ಟ್ರು ನಮ್ಮ ಮನೆಗೆ ಬಂದಾಗ ಮುಖದ ಮೇಲೆ ಬಾಗಿಲು ಹಾಕಿದೆ. ಪ್ರತಿ ವಾರ ಬಂದರು, ಪ್ರತಿ ವಾರವೂ ಹಾಕಿದೆ. ಏಳನೆಯ ಸಲ ಹೊರಗಿನಿಂದಲೇ ಹೇಳಿದರು: "ಕ್ಷಮಿಸು ಅಂತ ಕೇಳೋಕೆ ಬಂದಿಲ್ಲಮ್ಮ. ಆ ಮಾತಾಡೋ ಯೋಗ್ಯತೆ ನನಗಿಲ್ಲ. ಕೋರ್ಟಲ್ಲಿ ನಾನು ಏನು ಹೇಳಬೇಕು, ಅದನ್ನ ಹೇಳು."

"ನಡೆದದ್ದನ್ನ ಹೇಳಿ" ಎಂದೆ.

ಹೇಳಿದರು. ಅವಳು ಭಯವೆಂದದ್ದನ್ನು, ತಾವು ಅವಳನ್ನು ವಾಪಸು ಕಳಿಸಿದ್ದನ್ನು ಒಂದಕ್ಷರ ಬಿಡದೆ ಹೇಳಿದರು. ಎದುರು ವಕೀಲ ಅವರ ಮಾನವನ್ನು ಹರಾಜಿಗಿಟ್ಟ. ಮಂದಿರದ ಹಿರಿಯರು ರಾಜೀನಾಮೆ ಕೇಳಿದರು. ಭಾವನಿಗೆ ಶಿಕ್ಷೆಯಾಗುವವರೆಗೆ ಕದಲುವುದಿಲ್ಲವೆಂದು ಇವರು ಕೂತರು. ಶಿಕ್ಷೆಯಾದ ಮರುವಾರ ನಾನು ಈ ಕಚೇರಿಯಲ್ಲಿ ಕೆಲಸ ಕೇಳಿದೆ. ಸೇವಾಮನೋಭಾವ, ಮಣ್ಣು ಮಸಿ ಏನೂ ಇರಲಿಲ್ಲ. ಈ ಮನುಷ್ಯ ಇನ್ನೊಬ್ಬಳನ್ನು ಹಾಗೆ ಕಳಿಸದಂತೆ ಕಾಯಬೇಕಿತ್ತು.

ಕಾಯುವ ಅಗತ್ಯವೇ ಬೀಳಲಿಲ್ಲ. ಅಂದಿನಿಂದ ನಮ್ಮಲ್ಲಿ ಹೊಡೆದವನನ್ನೂ ಏಟು ತಿಂದವಳನ್ನೂ ಒಟ್ಟಿಗೆ ಕೂರಿಸುವುದಿಲ್ಲ. ಬಾಗಿಲ ಪಕ್ಕದ ಕುರ್ಚಿ ದೂರು ತಂದವರದು, ಆ ಬಾಗಿಲಿಗೆ ಚಿಲಕ ಹಾಕುವಂತಿಲ್ಲ. ಕ್ಷಮೆಯ ಮಾತು ನೊಂದವರ ಬಾಯಿಂದ ತಾನಾಗಿ ಬರುವವರೆಗೆ ನಮ್ಮವರು ಯಾರೂ ಎತ್ತುವಂತಿಲ್ಲ. ಎಷ್ಟೋ ಸಲ ಅದು ಬರುವುದೇ ಇಲ್ಲ. ಆಗ ಮೇಷ್ಟ್ರು ಕುರ್ಚಿಗಳನ್ನು ಮಡಚಿ, ಆ ಹೆಂಗಸಿನ ಚೀಲ ಹಿಡಿದು, ಅವಳು ಹೇಳಿದ ಮನೆಯವರೆಗೂ ಬಿಟ್ಟು ಬರುತ್ತಾರೆ.

ಅಕ್ಕನ ಮಗಳು ನನ್ನ ಬಳಿಯೇ ಬೆಳೆದಳು. ಈಗ ಅವಳಿಗೆ ಹದಿಮೂರು. ಪ್ರತಿ ಶನಿವಾರ ಮೇಷ್ಟ್ರು ಅವಳಿಗೆ ಲೆಕ್ಕ ಹೇಳಿಕೊಡುತ್ತಾರೆ. ಒಂದು ದಿನ ಅವಳು ಅವರನ್ನು "ತಾತಾ" ಎಂದಾಗ ನಾನು ಅವಳ ಪುಸ್ತಕ ಮುಚ್ಚಿಬಿಟ್ಟೆ. ಅವರೂ ಸೀಮೆಸುಣ್ಣ ಕೆಳಗಿಟ್ಟು ಹೊರಗೆ ಹೋಗಿ ನಿಂತರು.

ಎರಡು ವರ್ಷಕ್ಕೊಮ್ಮೆ ಭಾವನ ಅವಧಿಪೂರ್ವ ಬಿಡುಗಡೆಯ ವಿಚಾರಣೆ ನಡೆಯುತ್ತದೆ. ಇದುವರೆಗೆ ಮೂರಾಗಿವೆ. ಬಿಟ್ಟರೆ ಮಗಳನ್ನು ತಾನೇ ಕರೆದೊಯ್ದು ಸಾಕುವೆನೆಂದು ಅವನು ಪ್ರತಿ ಸಲವೂ ಅಳುತ್ತಾನೆ. ಸತ್ತವಳ ತಂಗಿ ಇನ್ನೇನು ಹೇಳಿಯಾಳು ಎಂದು ವಿಚಾರಣೆಗೆ ಕೂತವರು ನನ್ನ ಮಾತನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ. ಮೇಷ್ಟ್ರು ಎದ್ದು ನಿಂತು, "ಈ ಅಳುವನ್ನ ನಾನು ನಂಬಿದ್ದೆ. ನಂಬಿ ಒಬ್ಬಳನ್ನ ಸಾಯೋಕೆ ಕಳಿಸಿದೆ. ನೀವು ನಂಬಬೇಡಿ" ಎನ್ನುತ್ತಾರೆ. ಮೂರು ಸಲವೂ ಅರ್ಜಿ ಬಿದ್ದುಹೋಗಿದ್ದು ಆ ಮಾತಿನಿಂದಲೇ.

ವಿಚಾರಣೆಯ ಕೋಣೆ ಮೂರನೆಯ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಹೃದಯದ ಕಾಯಿಲೆಗೆ ಡಾಕ್ಟರು ಮೆಟ್ಟಿಲು ಬೇಡವೆಂದಿದ್ದರೂ ಕಳೆದ ತಿಂಗಳು ಅವರು ಹತ್ತಿದರು, ಪ್ರತಿ ತಿರುವಿನಲ್ಲೂ ಧೂಳಿನ ನೆಲದ ಮೇಲೆ ಕೂತು, ತುಟಿ ನೀಲಿಯಾಗಿ. ನಾನು ಪಕ್ಕದಲ್ಲಿ ನಿಂತು, ಇವರು ಇಲ್ಲೇ ಹೋಗಿಬಿಟ್ಟರೆ ಮಗುವಿನ ಗತಿಯೇನೆಂದು ನಡುಗುತ್ತಿದ್ದೆ. ಅವರ ಗತಿಯೇನೆಂದೂ ಯೋಚಿಸಿದ್ದೆನೆಂಬುದು ನನಗೆ ಹೊಳೆದದ್ದು ಮನೆಗೆ ಬಂದ ಮೇಲೆ.

ಮೇಷ್ಟ್ರನ್ನು ನಾನು ಕ್ಷಮಿಸಿಲ್ಲ. ಅವರು ಕೇಳಿಯೂ ಇಲ್ಲ. ಇಂಥ ಗ್ರಂಥಗಳಲ್ಲಿ ನೂರು ವರ್ಷ ಬಾಳಿರೆಂದು ಹಾರೈಸುವುದು ವಾಡಿಕೆ. ನನಗೆ ಅಷ್ಟು ದುರಾಸೆಯಿಲ್ಲ. ಮಗುವಿಗೆ ಹದಿನೆಂಟು ತುಂಬಲು ಇನ್ನು ಐದು ವರ್ಷ, ಎರಡು ವಿಚಾರಣೆ. ಅಲ್ಲಿಯವರೆಗೆ ದಯವಿಟ್ಟು ಇರಿ, ಮೇಷ್ಟ್ರೇ. ಮುಂದಿನ ಸಲ ನೆಲದ ಮೇಲೆ ಕೂರಬೇಡಿ. ಮೆಟ್ಟಿಲ ತಿರುವು ತಿರುವಿಗೂ ಕುರ್ಚಿಯನ್ನು ನಾನು ಹೊತ್ತು ತರುತ್ತೇನೆ.