ಹಗೇವಿನಲ್ಲಿ ನಿಂತವನು

ಕೊರೊನಾ ಬರುವ ಹಿಂದಿನ ವರ್ಷದ ಬೇಸಿಗೆ. ಬಾಗಲಕೋಟೆ ಜಿಲ್ಲೆಯ ಒಂದು ಅಗ್ನಿಶಾಮಕ ಠಾಣೆಯಲ್ಲಿ ನಾನು ಠಾಣಾಧಿಕಾರಿಯಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಬಣವೆಗೆ ಹತ್ತಿದ ಬೆಂಕಿ, ಬಾವಿಗೆ ಬಿದ್ದ ಎಮ್ಮೆ, ಇಳಕಲ್ ರಸ್ತೆಯ ಅಪಘಾತ, ನಮಗೆ ಬರುತ್ತಿದ್ದ ಕರೆಗಳು ಹೆಚ್ಚಾಗಿ ಇಂಥವೇ.

ಆ ಮಧ್ಯಾಹ್ನ ಹುನಗುಂದ ಕಡೆಯ ಹಳ್ಳಿಯೊಂದರಿಂದ ಫೋನ್ ಬಂತು. ಹಗೇವಿನಲ್ಲಿ ಇಬ್ಬರು ಅಣ್ಣತಮ್ಮಂದಿರು ಸಿಕ್ಕಿಕೊಂಡಿದ್ದಾರೆ, ಬೇಗ ಬನ್ನಿ ಎಂದಷ್ಟೇ ಹೇಳಿದರು. ನಮ್ಮ ಚಾಲಕ ಮಂಡ್ಯದವನು, ಹೊಸದಾಗಿ ಬಂದಿದ್ದ. ಗಾಡಿ ತಿರುಗಿಸುತ್ತ ಕೇಳಿದ, "ಹಗೆ ಅಂದ್ರೆ ಜಗಳ ಅಲ್ವಾ ಸಾರ್? ಅದಕ್ಕೆ ಪೊಲೀಸ್ನೋರು ಹೋಗ್ಬೇಕು."

ಹಿಂದೆ ಕುಳಿತಿದ್ದ ರಫೀಕ್, ನನ್ನ ಹಳೆಯ ಸಿಬ್ಬಂದಿ, "ಜ್ವಾಳ ಇಡೂ ಹಗೇವಪಾ ಅದು. ರಾಗಿ ತಿನ್ನಾಂವಗ ಏನ್ ಗೊತ್ತಾಕ್ಕೈತಿ. ಗಾಡಿ ಓಡಸು" ಎಂದ.

ಹಗೇವು ಎಂದರೆ ಜೋಳ ತುಂಬಿಡಲು ನೆಲದಲ್ಲಿ ತೋಡಿದ ಕೋಣೆ. ಬಾಯಿ ಚಿಕ್ಕದು, ಒಬ್ಬ ಆಳು ಮೈ ಕುಗ್ಗಿಸಿ ಇಳಿಯುವಷ್ಟು. ಒಳಗೆ ಹೊಟ್ಟೆ ಅಗಲ. ಈಗ ಬಳಸುವವರು ಕಡಿಮೆ. ಈ ಮನೆಯವರಿಗೆ ಆ ವರ್ಷ ಬಿಳಿಜೋಳ ಚೆನ್ನಾಗಿ ಬಂದು ಇಡಲು ಜಾಗ ಸಾಲದೆ, ಅಜ್ಜನ ಕಾಲದ ಹಗೇವನ್ನೇ ಮತ್ತೆ ತುಂಬಿದ್ದರು. ಪಕ್ಕದ ಹೊಲಕ್ಕೆ ನೀರಾವರಿ ಬಂದ ಮೇಲೆ ನೆಲದೊಳಗೆ ತೇವ ಹರಡಿದ್ದು ಅವರಿಗೆ ಗೊತ್ತಿರಲಿಲ್ಲ.

ತರಬೇತಿಯಲ್ಲಿ ನಮಗೆ ಮೊದಲು ಕಲಿಸುವ ಪಾಠ ಆಕ್ಸಿಡೇಶನ್. ಬೆಂಕಿ ಉರಿಯುವುದು, ಕಬ್ಬಿಣ ತುಕ್ಕು ಹಿಡಿಯುವುದು, ನಮ್ಮ ಮೈ ಉಸಿರಿನಿಂದ ಶಕ್ತಿ ಪಡೆಯುವುದು, ಮೂರಕ್ಕೂ ಆಕ್ಸಿಜನ್ ಬೇಕು. ಕಾಳಿಗೂ ಜೀವವಿದೆ. ತೇವ ತಗುಲಿದ ಜೋಳ, ಅದರ ಮೇಲೆ ಬೆಳೆಯುವ ಬೂಷ್ಟು, ಎರಡೂ ಮುಚ್ಚಿದ ಜಾಗದ ಆಕ್ಸಿಜನ್ ತಿಂದು ಕಾರ್ಬನ್ ಡೈಆಕ್ಸೈಡ್ ಬಿಡುತ್ತವೆ. ಅದು ಗಾಳಿಗಿಂತ ಭಾರ. ಬಾಯಿ ತೆರೆದಿಟ್ಟರೂ ತಳ ಬಿಟ್ಟು ಸುಲಭಕ್ಕೆ ಏಳುವುದಿಲ್ಲ. ಕಣ್ಣಿಗೆ ಕಾಣುವುದೂ ಇಲ್ಲ.

ನಾವು ಹಳ್ಳಿ ಮುಟ್ಟಿದಾಗ ಹಗೇವಿದ್ದ ಹಿತ್ತಲ ತುಂಬ ಜನ. ನಡೆದದ್ದನ್ನು ಅವರ ಬಾಯಿಂದಲೇ ಕೇಳಿದೆ. ಜೋಳ ತೆಗೆಯಲೆಂದು ಬೆಳಿಗ್ಗೆಯೇ ಹಗೇವಿನ ಬಾಯಿ ತೆರೆದಿಟ್ಟಿದ್ದರು. ಅಣ್ಣ ಮಲ್ಲಪ್ಪ ಮೊಬೈಲಿನ ಟಾರ್ಚ್ ಹಚ್ಚಿ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು ನೋಡಿದ. ಒಂದೊಂದು ಕಾಳೂ ಕಾಣಿಸಿತು. ಇಳಿದ. ಮೊದಲ ಬುಟ್ಟಿ ತುಂಬುವಾಗಲೇ ಕುಸಿದು ರಾಶಿಯಿಂದ ಕೆಳಗೆ ಜಾರಿದ. ತಮ್ಮ ಸಿದ್ದಪ್ಪ ಯಾರು ಹಿಡಿದರೂ ಕೇಳದೆ ಹಿಂದೆಯೇ ಧುಮುಕಿದ. ಅವನು ರಾಶಿಯ ನೆತ್ತಿಯ ಮೇಲೆ, ಬಾಯಿಯ ನೇರಕ್ಕೆ ನಿಂತಿದ್ದ. ಒಮ್ಮೆ ಬಗ್ಗಿದಾಗ ಕಣ್ಣು ಕತ್ತಲಿಟ್ಟು, ಗೋಡೆ ಹಿಡಿದು ನೆಟ್ಟಗಾಗಿದ್ದ.

ನಾನು ನೆಲಕ್ಕೆ ಮಲಗಿ ಒಳಗೆ ನೋಡಿದೆ. ಸಿದ್ದಪ್ಪನ ಮುಖ ಮೇಲೆ ತಿರುಗಿತ್ತು, ತುಟಿ ಕಪ್ಪಾಗಿತ್ತು. ಅವನ ಕಾಲ ಬಳಿ ಮಲ್ಲಪ್ಪನ ಬೆನ್ನು. ಟಾರ್ಚ್ ಇನ್ನೂ ಬೆಳಗುತ್ತಿತ್ತು. ಎಲ್ಲವೂ ಅಷ್ಟು ನಿಚ್ಚಳವಾಗಿ ಕಂಡಿತು.

ಮಲ್ಲಪ್ಪನ ಹೆಂಡತಿ ನೀಲವ್ವ ಬಾಯಿಯ ಅಂಚಿಗೇ ಕುಳಿತಿದ್ದಳು. "ತಮ್ಮಾ ಸಿದ್ದಪ್ಪಾ, ಬಗ್ಗಿ ಕೈ ಹಿಡದು ಎಬ್ಬಸೋ ನನ್ನಪ್ಪಾ. ಕಾಲಾಗ ಅದಾನ."

ಹಿಂದಿನಿಂದ ಯಾರೋ ಅಂದರು, "ಕಂಬದಂಗ ನಿಂತೀಯಲ್ಲಲೇ. ಒಡಹುಟ್ಟಿದಾಂವ ಅಲ್ಲೇನ್ ನಿನಗ?"

"ಸಿದ್ದಪ್ಪ, ಬಗ್ಗಬ್ಯಾಡ" ಎಂದೆ ನಾನು. "ಕುಂಡ್ರಬ್ಯಾಡ. ಮಾರಿ ಮ್ಯಾಲೇ ಇರ್ಲಿ."

ನೀಲವ್ವ ನನ್ನ ತೋಳು ಹಿಡಿದಳು. "ಯಾಕ ಬ್ಯಾಡಂತೀರಿ? ನೀವರ ಇಳೀರಿ, ಇಲ್ಲಾ ಅವನ್ನರ ಬಗ್ಗಾಕ ಬಿಡ್ರಿ."

ಅವಳ ಮಾತು ಸರಿಯಾಗಿತ್ತು. ನಮ್ಮಿಂದ ಎರಡೂ ಆಗುತ್ತಿರಲಿಲ್ಲ. ವಿಷಗಾಳಿಯಲ್ಲಿ ಇಳಿಯಲು ನಮ್ಮ ಬಳಿ ಬಿಎ ಸೆಟ್ ಇರುತ್ತದೆ, ಬೆನ್ನಿಗೆ ಗಾಳಿಯ ಸಿಲಿಂಡರ್, ಮುಖಕ್ಕೆ ಮಾಸ್ಕ್. ಸಿಲಿಂಡರ್ ಬೆನ್ನಿಗಿದ್ದರೆ ಆ ಬಾಯಿಯಲ್ಲಿ ಮನುಷ್ಯ ತೂರುವುದಿಲ್ಲ. ಬೆನ್ನಿನಿಂದ ಬಿಚ್ಚಿ ಪಕ್ಕದಲ್ಲಿ ಇಳಿಬಿಡಬಹುದು, ಆದರೆ ಕೆಳಗೆ ಕಾಲಿಡುವ ಜಾಗದಲ್ಲಿ ಸಿದ್ದಪ್ಪ ನಿಂತಿದ್ದ. ಒಳಗೆ ಗಾಳಿ ಊದುವ ಯಂತ್ರ ನಮ್ಮ ಗಾಡಿಯಲ್ಲಿರಲಿಲ್ಲ. ಬದುಕಿದವನು ಮೇಲೆ ಬರುವ ತನಕ ಬಿದ್ದವನನ್ನು ಮುಟ್ಟುವ ದಾರಿ ಯಾರಿಗೂ ಇರಲಿಲ್ಲ.

ಹಗ್ಗ ಬಿಟ್ಟೆವು. ಸಿದ್ದಪ್ಪ ಹಿಡಿದ, ಕಟ್ಟಿಕೊಳ್ಳಲಿಲ್ಲ.

"ಮೊದಲ ಅಣ್ಣನ್ನ ಕಟ್ತೇನ್ರಿ."

"ಬಗ್ಗಿದ್ರ ನೀನೂ ಬೀಳ್ತಿ."

"ಹಂಗಾದ್ರ ಇಬ್ರನ್ನೂ ತಗೀರಿ. ನಾ ಒಬ್ಬಾಂವ ಬರಂಗಿಲ್ಲ."

ಅವನ ಮಾತು ತೊದಲತೊಡಗಿತ್ತು. ಆ ಹೊತ್ತು ಎಷ್ಟು ಉದ್ದವಿತ್ತೆಂದು ಇವತ್ತಿಗೂ ಹೇಳಲಾರೆ. ಅವನು ಮೊಣಕಾಲು ಮಡಚಿದರೆ ಮುಗಿಯಿತು. ಹೆದರಿಸುವುದರಿಂದ, ಬೇಡಿಕೊಳ್ಳುವುದರಿಂದ ಉಪಯೋಗವಿಲ್ಲವೆಂದು ಗೊತ್ತಾಯಿತು. "ಸಿದ್ದಪ್ಪ, ನೀ ನಿಂತ ಜಾಗಾ ನಮಗ ಬೇಕಾಗೇತಿ" ಎಂದೆ. "ನೀ ಬಿಡೂತನಕ ನಿಮ್ಮಣ್ಣನ ಹತ್ರ ಯಾರಿಗೂ ಬರಾಕ ಆಗಂಗಿಲ್ಲ."

ಅವನು ಕುತ್ತಿಗೆ ಬಗ್ಗಿಸದೆ, ಕಣ್ಣಷ್ಟೇ ಕೆಳಗಿಳಿಸಿ ಒಮ್ಮೆ ನೋಡಿದ. ಹಗ್ಗವನ್ನು ಕಂಕುಳಿಗೆ ಸುತ್ತಿಕೊಂಡ. ಎಳೆದೆವು.

ರಫೀಕ್ ಮಾಸ್ಕ್ ಮುಖದಲ್ಲೇ ಇಟ್ಟುಕೊಂಡು ಸಿಲಿಂಡರನ್ನು ಬೆನ್ನಿನಿಂದ ಬಿಚ್ಚಿದ. ಹಾಗೆ ಬಿಚ್ಚಬಾರದೆಂದು ನಿಯಮವಿದೆ. ಬಿಚ್ಚಲು ಹೇಳಿದವನು ನಾನು. ಇಳಿಯುವಾಗ ಬಾಯಿಯ ಅರ್ಧಕ್ಕೆ ಅವನ ಭುಜ ಸಿಕ್ಕಿಕೊಂಡಿತು, ಮೇಲೂ ಬರಲಿಲ್ಲ, ಕೆಳಗೂ ಇಳಿಯಲಿಲ್ಲ. ಮಾಸ್ಕಿನೊಳಗಿನ ಉಸಿರಿನ ಸದ್ದು ಮಾತ್ರ ಕೇಳುತ್ತಿತ್ತು. ಒಂದು ಕೈ ಮೇಲೆತ್ತಿಸಿ, ಓರೆ ಮಾಡಿ ಇಳಿಸಿದೆವು. ಮಲ್ಲಪ್ಪನನ್ನು ಹೊರತೆಗೆದು ಎದೆ ಒತ್ತಿದೆವು, ಇಳಕಲ್ಲಿನ ಆಸ್ಪತ್ರೆಗೆ ಕಳಿಸಿದೆವು. ನಾವು ಹಳ್ಳಿ ಮುಟ್ಟುವ ಮೊದಲೇ ಜೀವ ಹೋಗಿರಬೇಕೆಂದು ವೈದ್ಯರು ಹೇಳಿದರು. ಸಿದ್ದಪ್ಪ ಉಳಿದ.

ವಾರದ ನಂತರ ಪೊಲೀಸರಿಗೆ ಹೇಳಿಕೆ ಕೊಡಲು ಹೋದಾಗ ನೀಲವ್ವ ಹೇಳಿದ್ದು ತಿಳಿಯಿತು. ಗಂಡ ಕಾಲ ಬಳಿ ಬಿದ್ದಿದ್ದರೂ ಮೈದುನ ಬಗ್ಗಲಿಲ್ಲ, ನೋಡುತ್ತ ನಿಂತಿದ್ದ ಎಂದಿದ್ದಳು. ಸಿದ್ದಪ್ಪ ಕುರಿಹಟ್ಟಿಯಲ್ಲಿ ಮಲಗುತ್ತಿದ್ದ, ಮನೆಯಲ್ಲಿ ಉಣ್ಣುತ್ತಿರಲಿಲ್ಲ, ಅವಳು ಅವನ ಜೊತೆ ಒಂದು ಮಾತೂ ಆಡಿರಲಿಲ್ಲ.

ಮರುದಿನ ನಾನೂ ರಫೀಕನೂ ಆ ಮನೆಗೆ ಹೋದೆವು. ಮಲ್ಲಪ್ಪ ಸತ್ತ ದಿನವೇ ಹಗೇವಿನ ಬಾಯಿಗೆ ನಾವು ಮುಚ್ಚಿಸಿದ್ದ ಕಲ್ಲನ್ನು ಸರಿಸಿದೆವು. ಮನೆಯ ತಕ್ಕಡಿಯ ಒಂದು ತಟ್ಟೆಯಲ್ಲಿ ಪಣತಿ ಹಚ್ಚಿಟ್ಟು, ಹಗ್ಗವನ್ನು ನೀಲವ್ವನ ಕೈಗೇ ಕೊಟ್ಟೆ. ದೀಪಕ್ಕೂ ಉಸಿರಿಗೂ ಬೇಕಾದ್ದು ಒಂದೇ, ಮೊಬೈಲಿಗೆ ಬ್ಯಾಟರಿ ಸಾಕು, ಅದು ಗಾಳಿಯಿಲ್ಲದ ಕಡೆಯೂ ಬೆಳಗುತ್ತದೆ ಎಂದು ಹೇಳಿದೆ. ಅವಳು ನಿಧಾನವಾಗಿ ಇಳಿಬಿಟ್ಟಳು. ದೀಪ ಸಣ್ಣಗಾಗಿ ಆರಿತು. ಆಗ ಬಾಯಿಯ ಅಂಚಿಗೆ ಬಂದಿದ್ದ ಕಡೆ ಹಗ್ಗಕ್ಕೆ ಗಂಟು ಹಾಕಿದೆ.

"ಇನ್ನೊಮ್ಮಿ ಹಚ್ರಿ" ಎಂದಳು. ಅಲ್ಲಿಯೇ ಆರಿತು.

ತಟ್ಟೆಯನ್ನು ರಾಶಿಗೆ ತಾಗುವ ತನಕ ಬಿಟ್ಟು, ಅದೇ ಅಂಚಿನಲ್ಲಿ ಹಗ್ಗಕ್ಕೆ ಮತ್ತೊಂದು ಗಂಟು ಹಾಕಿ ಎಳೆದುಕೊಂಡೆ. ಎರಡು ಗಂಟಿನ ನಡುವಿನ ಅಳತೆಯೇ ಆರಿದ ದೀಪದಿಂದ ರಾಶಿಗಿದ್ದ ದೂರ. ಹಟ್ಟಿಯ ಬಾಗಿಲಲ್ಲಿದ್ದ ಸಿದ್ದಪ್ಪನನ್ನು ಕರೆದು, ಒಂದು ಗಂಟನ್ನು ಅವನ ಪಾದದ ಹತ್ತಿರ ಹಿಡಿದೆ. ಇನ್ನೊಂದು ಅವನ ಪಕ್ಕೆಲುಬಿಗೆ ಬಂತು.

"ಹೆಚ್ಚುಕಮ್ಮಿ ಇದರ ಕೆಳಗ ಅವತ್ತೂ ಉಸರಿದ್ದಿಲ್ಲವ್ವ. ಬಗ್ಗಬ್ಯಾಡ ಅಂದಾಂವ ನಾನು. ಅಂವ ಕೇಳಿದ."

ನೀಲವ್ವ ಆ ಗಂಟನ್ನು ತಾನೇ ಹಿಡಿದು ಅವನ ಎದೆಗೆ ಇಟ್ಟು ನೋಡಿದಳು. ಅವನು ನೆಲ ನೋಡುತ್ತಿದ್ದ.

"ಎರಡ ಹೆಣ ಆಕ್ಕಿದ್ದವು" ಎಂದಳು, ತನಗೇ ಹೇಳಿಕೊಂಡ ಹಾಗೆ. ಆಮೇಲೆ ಅವನಿಗೆ, "ಒಳಗ ಬಾ. ರೊಟ್ಟಿ ಬಡದೀನಿ."

ಅವಸರದಲ್ಲಿ ನಾವು ಕೊಡುವ ಆಜ್ಞೆ ನಮ್ಮ ಗಾಡಿಯ ಜೊತೆ ಠಾಣೆಗೆ ವಾಪಸು ಬರುವುದಿಲ್ಲ. ಅದನ್ನು ಕೇಳಿ ಬದುಕಿದವನ ಮನೆಯಲ್ಲೇ ಉಳಿಯುತ್ತದೆ. ಆ ಆಜ್ಞೆ ನನ್ನದು ಎಂದು ಆ ಮನೆಯವರ ಮುಂದೆ ನಿಂತು ಹೇಳುವ ತನಕ ರಕ್ಷಣೆಯ ಕೆಲಸ ಮುಗಿದಿರುವುದಿಲ್ಲ. ಇದನ್ನು ನನಗೆ ತರಬೇತಿಯಲ್ಲಿ ಯಾರೂ ಕಲಿಸಿರಲಿಲ್ಲ.